ತಟ್ಟೆಯಿಂದ ತಟ್ಟೆಗೆ ಹೋದ ಕಡಲೆಬೀಜ

ಗೋಕರ್ಣಕ್ಕೆ ಟ್ರಿಪ್ ಹೋಗುವ ನಾಲ್ವರು ಹಳೇ ಗೆಳೆಯರ ಕತೆ. ಇಪ್ಪತ್ತೈದು ನಿಮಿಷದ ಹಾಸ್ಯ ಕಿರುಚಿತ್ರ. ಬರೆದು ನಿರ್ದೇಶನ ಮಾಡಿದ್ದು ನಾನೇ.

ಮೊದಲ ಸಲ ಸ್ಕ್ರಿಪ್ಟ್ ಓದಿದಾಗ ಎಲ್ಲರೂ ನಕ್ಕರು. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ನನ್ನ ಪಾತ್ರಗಳು ತಮ್ಮ ಹಳೇ ಕತೆಯನ್ನು ಒಬ್ಬರಿಗೊಬ್ಬರು ವಿವರಿಸುತ್ತಿದ್ದವು. "ನೆನಪಿದ್ಯಾ, ಸೆಕೆಂಡ್ ಇಯರಲ್ಲಿ ನೀನು ಲ್ಯಾಬಿಂದ ಕಿಟಕಿ ಹಾರಿ ಓಡಿದ್ದೆ" ಅಂತ. ಇಪ್ಪತ್ತು ವರ್ಷದಿಂದ ಗೆಳೆಯರಾಗಿರುವವರು ಹೀಗೆ ಮಾತಾಡಲ್ಲ ಅಲ್ವಾ? "ಲೋ, ಕಿಟಕಿ!" ಅಂದರೆ ಸಾಕು, ಉಳಿದ ಮೂವರು ಹೊಟ್ಟೆ ಹಿಡಿದುಕೊಂಡಿರುತ್ತಾರೆ. ಏನು ಕಿಟಕಿ ಅಂತ ನೋಡುವವರಿಗೆ ಗೊತ್ತಾಗದಿದ್ದರೂ ಪರವಾಗಿಲ್ಲ. ಅಂಥ ಮಾತನ್ನೆಲ್ಲ ಹೊಡೆದುಹಾಕಿದೆ. ಮೂವತ್ತೆಂಟು ಪುಟ ಇಪ್ಪತ್ತಾರಕ್ಕೆ ಇಳಿಯಿತು.

ನಟರಿಗೆ ಒಬ್ಬರಿಗೊಬ್ಬರ ಪರಿಚಯ ಅಷ್ಟಕ್ಕಷ್ಟೆ. ಅದಕ್ಕೇ ಶೂಟಿಂಗಿಗೆ ಎರಡು ದಿನ ಮುಂಚೆಯೇ ಗೋಕರ್ಣಕ್ಕೆ ಕರೆದುಕೊಂಡು ಹೋದೆ. ನಾಲ್ವರಿಗೂ ಒಂದೇ ರೂಮು, ಒಂದೇ ಬಾತ್‌ರೂಮು. ಸ್ಕ್ರಿಪ್ಟ್ ಮುಟ್ಟಬೇಡಿ, ಸುಮ್ನೆ ಇರಿ ಅಂದೆ. ಎರಡನೇ ದಿನ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಾ ಕೂತಿದ್ದೆವು. ಒಬ್ಬ ತನ್ನ ತಟ್ಟೆಯ ಕಡಲೆಬೀಜವನ್ನೆಲ್ಲ ಒಂದೊಂದಾಗಿ ಆರಿಸಿ ಅಂಚಿಗೆ ಇಡುತ್ತಿದ್ದ. ಪಕ್ಕದವನು ಫೋನಿನಿಂದ ಕಣ್ಣು ತೆಗೆಯದೆ ತನ್ನ ತಟ್ಟೆಯನ್ನು ಅತ್ತ ಸರಿಸಿದ. ಇವನು ಬೀಜ ಸುರಿದ. ಅವನು ತಿಂದ. ಇಬ್ಬರೂ ಒಂದು ಮಾತೂ ಆಡಲಿಲ್ಲ. ನಾನು ಎರಡು ಪುಟ ಬರೆದು ಹೇಳಲು ಹೊರಟಿದ್ದು ಅಲ್ಲಿತ್ತು. ಆ ಎರಡು ಪುಟ ತೆಗೆದು ಇದನ್ನೇ ಇಟ್ಟೆ.

ಚಿತ್ರೀಕರಣದಲ್ಲಿ ಜಾಸ್ತಿ ತಲೆ ತಿಂದಿದ್ದು ಸೌಂಡು. ಗೆಳೆಯರು ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಅದು ಪ್ರತಿ ಟೇಕಿನಲ್ಲೂ ಒಂದೇ ಥರ ಬರಲ್ಲ. ಒಬ್ಬನ ಮುಖ ಈಗ, ಇನ್ನೊಬ್ಬನ ಮುಖ ಆಮೇಲೆ ಅಂತ ತೆಗೆದರೆ ಎಡಿಟಿಂಗಲ್ಲಿ ಕೂಡುವುದೇ ಇಲ್ಲ. ಹಾಗಾಗಿ ಎರಡು ಕ್ಯಾಮೆರಾ ಒಟ್ಟಿಗೇ ಓಡಿಸಿದೆವು. ನಾಲ್ವರ ಅಂಗಿಯೊಳಗೂ ಒಂದೊಂದು ಕಾಲರ್ ಮೈಕ್, ಒಂದೊಂದಕ್ಕೂ ಬೇರೆ ಟ್ರ್ಯಾಕ್. ಮಾತಿನ ಮೇಲೆ ಮಾತು ಬಿದ್ದರೂ ಯಾರದನ್ನು ಏರಿಸಬೇಕು, ಯಾರದನ್ನು ಇಳಿಸಬೇಕು ಅನ್ನೋದು ಆಮೇಲೆ ನಮ್ಮ ಕೈಯಲ್ಲೇ ಇತ್ತು.

ಗೋಕರ್ಣದ ಕುಡ್ಲೆ ಬೀಚಲ್ಲಿ ಇನ್ನೊಂದು ಪಾಠ ಆಯ್ತು. ಅಲೆಯ ಸದ್ದು ಟೇಕಿನಿಂದ ಟೇಕಿಗೆ ಬದಲಾಗುತ್ತದೆ. ಶಾಟ್ ಕತ್ತರಿಸಿದ ಕಡೆಯಲ್ಲೆಲ್ಲ ಸಮುದ್ರ ಎಗರಿದ ಹಾಗೆ ಕೇಳಿಸುತ್ತದೆ. ಮಾತಿಲ್ಲದೆ, ಬರೀ ಸಮುದ್ರವನ್ನೇ ಐದು ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಅದನ್ನು ಇಡೀ ದೃಶ್ಯದ ಕೆಳಗೆ ಹಾಸಿದ ಮೇಲೆ ಆ ಜಿಗಿತ ಮರೆಯಾಯಿತು. ಬೀಚಲ್ಲಿ ಶೂಟ್ ಮಾಡುವವರು ದಯವಿಟ್ಟು ಇದನ್ನು ಮರೀಬೇಡಿ.

ಕೊನೆಯ ಶಾಟ್ ವಾಪಸ್ ಬರುವ ಕಾರಲ್ಲಿ. ಮೂವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾರೆ. ಗಾಡಿ ಓಡಿಸುವವನು ಕನ್ನಡಿಯಲ್ಲಿ ಅವರನ್ನು ನೋಡಿ ಹಾಡಿನ ವಾಲ್ಯೂಮ್ ಇಳಿಸುತ್ತಾನೆ. ಹನ್ನೊಂದು ಸೆಕೆಂಡ್ ಇತ್ತು. ಐದಕ್ಕೆ ಕತ್ತರಿಸೋಣ ಅಂತ ಎಡಿಟರ್ ಹೇಳಿದರು. ನಾಲ್ಕೈದು ಸಲ ಹಾಕಿ ನೋಡಿದೆವು. ಹನ್ನೊಂದೇ ಇರಲಿ ಅಂದೆ.