ಇನ್ವರ್ಟರ್ ಬ್ಯಾಟರಿ ಆಸಿಡ್ ಚೆಲ್ಲಿದಾಗ ನಾನು ಕ್ಲೀನ್ ಮಾಡಿದ್ದು ಹೀಗೆ

ಆಸಿಡ್ ಚೆಲ್ಲಿದ ನೆಲಕ್ಕೆ ಮೊದ್ಲೇ ನೀರು ಸುರಿಬಾರ್ದು ಅಂದಾಗ ಮನೇಲಿ ಒಬ್ರೂ ಒಪ್ಲಿಲ್ಲ, ಎರಡು ಬಕೆಟ್ ನೀರು ಹೊಡುದ್ರೆ ಮುಗೀತಲ್ಲ ಅಂದ್ರು. ನೀರು ಹಾಕಿದ್ರೆ ಅದು ಹರ್ಕೊಂಡು ಬೀರು ಕೆಳಗೆ, ಟೈಲ್ಸ್ ಸಂದಿಗೆಲ್ಲಾ ಹೋಗುತ್ತೆ, ಆಮೇಲೆ ಹುಡುಕೋದು ಯಾರು?

ಬ್ಯಾಟರಿ ಆಸಿಡ್ ಅಂದ್ರೆ ನೂರಕ್ಕೆ 35ರಷ್ಟು ಸಲ್ಫ್ಯೂರಿಕ್ ಆಸಿಡ್, ಉಳಿದಿದ್ದು ನೀರು. ಬಟ್ಟೇಲಿ ಒರೆಸಿದ್ದು ಫೇಲ್, ಹಸಿ ಇದ್ದಾಗ ಬಟ್ಟೆ ಚೆನ್ನಾಗೇ ಕಾಣ್ತಿತ್ತು, ನೀರಿನಂಶ ಆರ್ತಾ ಆಸಿಡ್ ಇನ್ನೂ ಸ್ಟ್ರಾಂಗ್ ಆಗಿ ಮಾರನೇ ದಿನ ಹಿಡಿದ್ರೆ ಕೈಯಲ್ಲೇ ಪುಡಿಪುಡಿ. ಮರದ ಹೊಟ್ಟು ಟ್ರೈ ಮಾಡಿದೆ, ಕಪ್ಪಾಯ್ತು, ಅದೂ ಬೇಡ.

ಕೆಲಸ ಮಾಡಿದ್ದು ಒಣ ಮರಳು, ಅಡಿಗೆ ಸೋಡಾ. ಇನ್ವರ್ಟರ್ ಆಫ್ ಮಾಡಿ ಕಿಟಕಿ ಎಲ್ಲಾ ತೆಗೆದು, ಗ್ಲೌಸ್, ಕನ್ನಡಕ ಹಾಕ್ಕೊಂಡು, ಸುತ್ತ ಮರಳಿನ ಬದು ಕಟ್ಟಿ, ಸೋಡಾನ ಅಂಚಿಂದ ನಡುವಿಗೆ ಸ್ವಲ್ಪ ಸ್ವಲ್ಪಾನೇ ಉದುರಿಸ್ತಾ ಹೋದೆ. ಒಂದೇ ಸಲ ಸುರಿದ್ರೆ ನೊರೆ ಉಕ್ಕಿ ಸಿಡಿಯುತ್ತೆ. ಅರ್ಧ ಲೀಟರ್ ಆಸಿಡ್‌ಗೆ ಹೆಚ್ಚುಕಮ್ಮಿ 400 ಗ್ರಾಂ ಸೋಡಾ ಬೇಕು, ಎಲ್ಲರೂ ಒಂದು ಹಿಡಿ ಹಾಕಿ ನೊರೆ ನಿಂತ ತಕ್ಷಣ ಆಯ್ತು ಅನ್ಕೋತಾರೆ. ನೊರೆ ನಿಂತ ಮೇಲೆ ಸ್ವಲ್ಪ ನೀರು ಚಿಮುಕಿಸಿ ಇನ್ನೊಂದಿಷ್ಟು ಸೋಡಾ ಉದುರಿಸಿ ನೋಡಿ, ಸಂದಿಯಲ್ಲಿ ಮತ್ತೆ ಬುಸ್ ಅಂದ್ರೆ ಒಳಗೆ ಆಸಿಡ್ ಇನ್ನೂ ಇದೆ. ಆಸಿಡ್ ತಾಗಿದ್ರೆ ಕೆಂಪಾಗೋ ನೀಲಿ ಲಿಟ್ಮಸ್ ಪೇಪರ್ ಕೆಂಪಾಗೋದು ನಿಲ್ಲೋವರೆಗೂ ನಾನು ಬಿಡ್ಲಿಲ್ಲ. ದಾಸವಾಳದ ದಳ ಉಜ್ಜಿದ ಪೇಪರಲ್ಲೂ ನೋಡಿದೆ, ಆಸಿಡ್‌ಗೆ ಕಡುಗುಲಾಬಿ ಬಂತು, ಲಿಟ್ಮಸ್ ಇಲ್ದೇ ಇದ್ರೆ ಇದೂ ನಡೆಯುತ್ತೆ.

ಕೆಸರನ್ನ ಚರಂಡಿಗೆ ಬಿಡ್ಬೇಡಿ, ಅದರಲ್ಲಿ ಸೀಸ ಇರ್ಬಹುದು. ನಾನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಹಳೇ ಬ್ಯಾಟರಿ ತಗೊಳ್ಳೋರಿಗೇ ಕೊಟ್ಟೆ. ಡಬ್ಬಿ ಮುಚ್ಚಳ ಬಿಗಿ ಮಾಡ್ಬೇಡಿ, ಗ್ಯಾಸ್ ಬರ್ತಾ ಇರುತ್ತೆ. ಬ್ಲೀಚ್ ಅಂತೂ ಆ ಕಡೆಗೇ ತರ್ಬೇಡಿ, ಆಸಿಡ್ ಜೊತೆ ಕ್ಲೋರಿನ್ ಗ್ಯಾಸ್ ಬರುತ್ತೆ. ಮೈಗೆ ಬಿದ್ರೆ ಮಾತ್ರ ಸೋಡಾ ಅಲ್ಲ, ಬಟ್ಟೆ ಬಿಚ್ಚಿ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ, ಕಣ್ಣಿಗಾದ್ರೆ ತೊಳೆದು ಸೀದಾ ಡಾಕ್ಟರ್ ಹತ್ರ.

ಚೆಲ್ಲಿದ ಆಸಿಡ್ ಕ್ಲೀನ್ ಮಾಡೋಕೆ ಅಂತ ಸಿಗೋ ರೆಡಿಮೇಡ್ ಸ್ಪಿಲ್ ಕಿಟ್‌ಗೆ ಕೊಡೋ ದುಡ್ಡಲ್ಲಿ ಕಾಲು ಭಾಗಾನೂ ನನಗೆ ಖರ್ಚಾಗಿಲ್ಲ, ಟೈಲ್ಸೂ ಉಳೀತು. ಈಗ ಬ್ಯಾಟರಿ ಪಕ್ಕ ಒಂದು ಕೆಜಿ ಸೋಡಾ ಡಬ್ಬಿ ಇಟ್ಟಿದೀನಿ, ಅದನ್ನ ಅಡಿಗೆ ಮನೆಗೆ ಎತ್ಕೊಂಡು ಹೋಗೋಕೆ ಯಾರಿಗೂ ಬಿಡಲ್ಲ.