ಹಲ್ಲಿನ ಚಿಕಿತ್ಸೆ ಕೆಟ್ಟಾಗ: ದಾಖಲೆ ಕೇಳುವುದರಿಂದ ಗ್ರಾಹಕ ಆಯೋಗದವರೆಗೆ

ರೂಟ್ ಕೆನಾಲ್ ಮಾಡಿಸಿದ ಹಲ್ಲು ಆರು ತಿಂಗಳಿಗೆ ಮತ್ತೆ ಕೀವು ತುಂಬಿಕೊಂಡಿತು. ಬುದ್ಧಿಹಲ್ಲು ಕೀಳಿಸಿದ ಮೇಲೆ ಕೆಳತುಟಿ ಜೋಮು ಹಿಡಿದದ್ದು ಬಿಟ್ಟೇ ಇಲ್ಲ. ನೋಯುತ್ತಿದ್ದ ಹಲ್ಲು ಉಳಿದು ಪಕ್ಕದ್ದು ಹೋಯಿತು. ರೋಗಿಗೆ ಈ ಮೂರೂ ಒಂದೇ ಥರದ ಅನ್ಯಾಯ. ಕಾನೂನು ಮಾತ್ರ ಇವನ್ನು ಬೇರೆ ಬೇರೆಯಾಗಿ ನೋಡುತ್ತದೆ. ಮೊದಲನೆಯದು ಒಳ್ಳೆಯ ಡಾಕ್ಟರ ಕೈಯಲ್ಲೂ ಆಗಬಹುದು. ಎರಡನೆಯದು, ಕೀಳುವ ಮುಂಚೆ ತೆಗೆದ ಎಕ್ಸ್‌ರೇ ಏನು ತೋರಿಸುತ್ತಿತ್ತು ಎಂಬುದರ ಮೇಲೆ ನಿಂತಿದೆ. ಮೂರನೆಯದಕ್ಕೆ ಸಮಜಾಯಿಷಿಯೇ ಇಲ್ಲ.

ಫಲಿತಾಂಶ ಕೆಟ್ಟಿತು ಎಂದಷ್ಟೇ ತೋರಿಸಿದರೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಸಾಧಾರಣ ಕೌಶಲವಿರುವ, ಎಚ್ಚರದಿಂದ ಕೆಲಸ ಮಾಡುವ ದಂತವೈದ್ಯರು ಅದೇ ಸನ್ನಿವೇಶದಲ್ಲಿ ಏನು ಮಾಡುತ್ತಿದ್ದರೋ ಅದನ್ನು ಇವರು ಮಾಡಲಿಲ್ಲ, ಆ ಕಾರಣಕ್ಕೇ ಈ ಹಾನಿ ಆಯಿತು ಎಂಬ ಎರಡನ್ನೂ ತೋರಿಸಬೇಕು. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಒಪ್ಪಿದ ಅಳತೆಗೋಲು ಇದೇ. ದೇಶದ ಅತ್ಯುತ್ತಮ ತಜ್ಞರ ಮಟ್ಟವನ್ನು ಕಾನೂನು ಕೇಳುವುದಿಲ್ಲ. ಎರಡು ಒಪ್ಪಿತ ವಿಧಾನಗಳಿದ್ದು ಡಾಕ್ಟರು ಒಂದನ್ನು ಆರಿಸಿಕೊಂಡಿದ್ದರೆ, ಇನ್ನೊಂದು ಚೆನ್ನಾಗಿತ್ತು ಎಂಬ ವಾದವೂ ನಿಲ್ಲುವುದಿಲ್ಲ.

ತೊಡಕು ಯಾವುದು, ತಪ್ಪು ಯಾವುದು

ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ. ತಪ್ಪು ಎಷ್ಟೋ ಸಲ ತೊಡಕಿನ (ಎಚ್ಚರದಿಂದ ಮಾಡಿದರೂ ಆಗಬಹುದಾದ ತೊಂದರೆಯ) ಒಳಗಿರುವುದಿಲ್ಲ. ಅದಕ್ಕೆ ಮುಂಚೆ ನೋಡದೇ ಬಿಟ್ಟದ್ದರಲ್ಲೋ, ಆಮೇಲೆ ಹೇಳದೇ ಮುಚ್ಚಿಟ್ಟದ್ದರಲ್ಲೋ ಇರುತ್ತದೆ.

ರೂಟ್ ಕೆನಾಲ್ ಮಾಡುವಾಗ, ಬೇರಿನೊಳಗಿನ ಕಾಲುವೆಯನ್ನು ಕೆರೆದು ಶುಚಿಮಾಡುವ ಸಣ್ಣ ಉಪಕರಣವಾದ ಫೈಲಿನ ತುದಿ ಒಳಗೇ ಮುರಿಯುವುದನ್ನು ತೆಗೆದುಕೊಳ್ಳಿ. ಬೇರು ಡೊಂಕಾಗಿದ್ದರೆ ಅನುಭವಿಗಳ ಕೈಯಲ್ಲೂ ಮುರಿಯುತ್ತದೆ, ಅದೊಂದರಿಂದಲೇ ಕೇಸು ಗೆಲ್ಲುವುದು ಕಷ್ಟ. ಆದರೆ ಮುರಿದದ್ದು ಎಕ್ಸ್‌ರೇಯಲ್ಲಿ ಕಾಣುತ್ತಿದ್ದರೂ ರೋಗಿಗೆ ಹೇಳದೆ ಮೇಲೆ ಕ್ಯಾಪ್ ಕೂರಿಸಿ ಕಳಿಸಿದರೆ ಅದು ಲೋಪ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಬಚ್ಚಿಟ್ಟುಕೊಂಡಂತಿರುವ ನಾಲ್ಕನೇ ಕಾಲುವೆ ತಪ್ಪಿಹೋಗುವುದೂ ಸಾಮಾನ್ಯ, ಅದೊಂದೇ ದುರ್ಬಲ ದೂರು. ಇನ್ನು ರಬ್ಬರ್ ಡ್ಯಾಮ್ ಕಟ್ಟದೆ ಕೆಲಸ ಮಾಡಿ, ಫೈಲ್ ಗಂಟಲಿಗೆ ಜಾರಿ ಶ್ವಾಸಕೋಶಕ್ಕೋ ಹೊಟ್ಟೆಗೋ ಹೋದರೆ ದೂರು ಗಟ್ಟಿ, ಏಕೆಂದರೆ ಆ ಅಪಾಯ ತಡೆಯಲೆಂದೇ ಆ ರಬ್ಬರ್ ಹಾಳೆ ಇರುವುದು. ಕಾಲುವೆ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ಬೇರಿನ ತುದಿ ದಾಟಿದರೆ ಆ ಕ್ಷಣವೇ ಸಹಿಸಲಾಗದ ಉರಿ, ನಿಮಿಷಗಳಲ್ಲಿ ಊತ, ಆಮೇಲೆ ಕೆನ್ನೆ ಕಪ್ಪುಗಟ್ಟುವುದು ಆಗುತ್ತದೆ. ಸೂಜಿಯನ್ನು ಕಾಲುವೆಯಲ್ಲಿ ಬಿಗಿಯಾಗಿ ಸಿಕ್ಕಿಸಿ ಒತ್ತಿದರೆ ಹೀಗಾಗುವ ಸಂಭವ ಹೆಚ್ಚು. ಆದಮೇಲೆ ಡಾಕ್ಟರು ಏನು ಮಾಡಿದರು, ಎಷ್ಟು ಬೇಗ ಮಾಡಿದರು ಎಂಬುದಕ್ಕೂ ಇಲ್ಲಿ ಅಷ್ಟೇ ತೂಕ.

ಕೆಳಗಿನ ಬುದ್ಧಿಹಲ್ಲಿನ ಬೇರು ದವಡೆಯ ನರಕ್ಕೆ ತಾಗಿಕೊಂಡಿರಬಹುದು. ಇಡೀ ದವಡೆಯ ಎಕ್ಸ್‌ರೇಯಾದ ಓಪಿಜಿಯಲ್ಲಿ ನರದ ಕಾಲುವೆಯ ಬಿಳಿ ಗೆರೆ ತುಂಡಾಗಿ ಕಂಡರೆ, ಕಾಲುವೆ ಬಾಗಿದ್ದರೆ, ಬೇರಿನ ಮೇಲೆ ಕಪ್ಪು ಪಟ್ಟಿ ಬಿದ್ದಿದ್ದರೆ ಅದು ಎಚ್ಚರಿಕೆ. ಆಗ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಮಾಡಿಸುವುದು ಇಲ್ಲವೇ ಬಾಯಿ ಶಸ್ತ್ರಚಿಕಿತ್ಸಕರ ಬಳಿ ಕಳಿಸುವುದು ನಿರೀಕ್ಷಿತ. ಯಾವ ಎಕ್ಸ್‌ರೇಯೂ ಇಲ್ಲದೆ ಕಿತ್ತು ತುಟಿ ಜೋಮಾಗಿದ್ದರೆ ಎದುರುಪಕ್ಷಕ್ಕೆ ಉತ್ತರ ಕೊಡುವುದು ಕಷ್ಟ. ಎಕ್ಸ್‌ರೇ ನೋಡಿ, ಜೋಮಿನ ಅಪಾಯ ತಿಳಿಸಿ, ಸಹಿ ಪಡೆದು, ಜೋಪಾನವಾಗಿ ಕಿತ್ತ ಮೇಲೂ ಜೋಮಾದರೆ ದೂರು ನಿಲ್ಲುವುದು ಅಪರೂಪ. ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಬೇರು) ವಿಷಯದಲ್ಲಿ ನರದಿಂದ 2 ಮಿಲಿಮೀಟರ್ ಅಂತರ ಬಿಡುವುದು ರೂಢಿ. ಅರಿವಳಿಕೆ ಕೆಲವೇ ಗಂಟೆಗಳಲ್ಲಿ ಇಳಿಯಬೇಕು. ಮರುದಿನವೂ ತುಟಿ ಮರಗಟ್ಟಿದ್ದರೆ ಡಾಕ್ಟರಿಗೆ ಬರಹದಲ್ಲಿ ತಿಳಿಸಿ, ಏಕೆಂದರೆ ನರವನ್ನು ಒತ್ತುತ್ತಿರುವ ಇಂಪ್ಲಾಂಟನ್ನು ಮೊದಲ ಒಂದೆರಡು ದಿನದಲ್ಲೇ ತೆಗೆದರೆ ಚೇತರಿಕೆಯ ಅವಕಾಶ ಹೆಚ್ಚು. ಜೋಮಿರುವ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದು ವಾರಕ್ಕೊಮ್ಮೆ ಫೋಟೊ ತೆಗೆಯಿರಿ. ಚಿಕಿತ್ಸೆಗೂ ಪುರಾವೆಗೂ ಅದು ಉಪಯೋಗಕ್ಕೆ ಬರುತ್ತದೆ.

ತಪ್ಪು ಹಲ್ಲು ಕೀಳುವುದಕ್ಕೆ ಒಂದು ಮುಖ್ಯ ಕಾರಣ ಹಲ್ಲಿಗೆ ಸಂಖ್ಯೆ ಕೊಡುವ ಪದ್ಧತಿ. ಭಾರತದಲ್ಲಿ ಹೆಚ್ಚಾಗಿ ಬಳಸುವ ಎಫ್‌ಡಿಐ ಪದ್ಧತಿಯಲ್ಲಿ 18 ಎಂದರೆ ಮೇಲಿನ ಬಲ ಬುದ್ಧಿಹಲ್ಲು. ಅಮೆರಿಕದ 1ರಿಂದ 32ರ ಪದ್ಧತಿಯಲ್ಲಿ ಅದೇ 18 ಕೆಳಗಿನ ಎಡ ಎರಡನೇ ದವಡೆ ಹಲ್ಲು. ಒಬ್ಬ ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ ಇನ್ನೊಬ್ಬರು ಕೀಳುವಾಗ, ಅದರಲ್ಲೂ ಕ್ಲಿಪ್ ಹಾಕುವ ಮೊದಲು ಹಲ್ಲು ತೆಗೆಸುವಾಗ, ಈ ಗೊಂದಲ ಹುಟ್ಟುತ್ತದೆ. ದೂರಿನಲ್ಲಿ ಸಂಖ್ಯೆಯ ಜೊತೆಗೆ ‘ಕೆಳಗಿನ ಬಲ ಮೊದಲ ದವಡೆ ಹಲ್ಲು’ ಎಂದು ಮಾತಿನಲ್ಲೂ ಬರೆಯಿರಿ.

ಕಿತ್ತ ಎರಡರಿಂದ ನಾಲ್ಕನೇ ದಿನಕ್ಕೆ ಶುರುವಾಗುವ ಡ್ರೈ ಸಾಕೆಟ್ (ಗುಳಿಯ ಹೆಪ್ಪುಗಟ್ಟಿದ ರಕ್ತ ಹೋಗಿ ಮೂಳೆ ತೆರೆದುಕೊಳ್ಳುವುದು) ನೋವು ಸಾಮಾನ್ಯ ತೊಡಕು, ಅದಕ್ಕೆ ಕೇಸು ಹೂಡಬೇಡಿ. ನಿಜಕ್ಕೂ ಜೀವ ತೆಗೆಯುವ ಲೋಪ ಸದ್ದಿಲ್ಲದ್ದು. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ಬಯಾಪ್ಸಿಗೆ (ಕ್ಯಾನ್ಸರ್ ಇದೆಯೇ ಎಂದು ತುಣುಕು ತೆಗೆದು ನೋಡುವ ಪರೀಕ್ಷೆ) ಕಳಿಸದೆ ಮುಲಾಮು ಬರೆಯುತ್ತಲೇ ಹೋಗುವುದು ಅಂಥದ್ದು. ರಕ್ತ ತೆಳುವಾಗುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್, ಪೆನಿಸಿಲಿನ್ ಅಲರ್ಜಿ, ಸಕ್ಕರೆ ಕಾಯಿಲೆ ಇವುಗಳ ಬಗ್ಗೆ ಕೇಳದೇ ಹಲ್ಲಿಗೆ ಕೈಹಾಕುವುದೂ ಅಂಥದ್ದೇ. ಬಿಸ್‌ಫಾಸ್ಫೊನೇಟ್ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆಯೇ ಸತ್ತುಹೋಗಬಹುದು.

ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆಯಲ್ಲ

ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆ ಏನು, ಏಕೆ, ಅದರ ಅಪಾಯವೇನು, ಬೇರೆ ದಾರಿ ಯಾವುದು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿರಬೇಕು. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ, ಪ್ರಾಣ ಅಥವಾ ಆರೋಗ್ಯ ಉಳಿಸಲು ತಕ್ಷಣ ಮಾಡಲೇಬೇಕಾದದ್ದು ಮಾತ್ರ ಇದಕ್ಕೆ ಹೊರತು. ಒಂದು ಹಲ್ಲಿಗೆ ಒಪ್ಪಿಗೆ ಪಡೆದು ಮೂರು ಹಲ್ಲು ತೇಯ್ದು ಬ್ರಿಡ್ಜ್ ಕೂರಿಸಿದರೆ, ಕೆಲಸ ಅಚ್ಚುಕಟ್ಟಾಗಿದ್ದರೂ ಪ್ರಶ್ನಿಸಬಹುದು. ಹಲ್ಲಿನ ಹೆಸರಾಗಲಿ ಅಪಾಯದ ವಿವರವಾಗಲಿ ಇಲ್ಲದ ಖಾಲಿ ಫಾರಂ ಮೇಲಿನ ಸಹಿ ಡಾಕ್ಟರಿಗೂ ಹೆಚ್ಚು ರಕ್ಷಣೆ ಕೊಡದು.

ರಿಪೇರಿಗೆ ಮುಂಚೆ ದಾಖಲೆ

ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕೆಟ್ಟ ಕೆಲಸವನ್ನು ಎರಡನೇ ಡಾಕ್ಟರು ಸರಿಪಡಿಸಿದ ಗಳಿಗೆಯೇ ನಿಮ್ಮ ಮುಖ್ಯ ಪುರಾವೆ ಅಳಿಸಿಹೋಗುತ್ತದೆ. ಬೇರಿನಲ್ಲಿ ಬಿದ್ದ ತೂತಿಗೆ ತೇಪೆ ಹಾಕಿದ ಮೇಲೆ ಅದು ಎಷ್ಟಿತ್ತು, ಎಲ್ಲಿತ್ತು ಎಂದು ಹೇಳುವವರಿಲ್ಲ. ಉಸಿರಾಟ ಅಥವಾ ನುಂಗುವುದಕ್ಕೆ ತೊಂದರೆ, ಹಬ್ಬುತ್ತಿರುವ ಊತ, ಜ್ವರ ಇದ್ದರೆ ಮೊದಲು ಆಸ್ಪತ್ರೆ, ಉಳಿದದ್ದೆಲ್ಲ ಆಮೇಲೆ. ಅಂಥ ತುರ್ತಿಲ್ಲದಿದ್ದರೆ ಎರಡನೇ ಡಾಕ್ಟರು ಕೈಹಾಕುವ ಮುನ್ನ ಹೊಸ ಎಕ್ಸ್‌ರೇ, ಬಾಯೊಳಗಿನ ಫೋಟೊ ಮತ್ತು ಕಂಡದ್ದರ ಲಿಖಿತ ಟಿಪ್ಪಣಿ ಮೂರನ್ನೂ ಮಾಡಿಸಿಕೊಳ್ಳಿ. ಕಿತ್ತ ಹಲ್ಲು, ಕಳಚಿದ ಕ್ಯಾಪ್, ಬಿದ್ದ ಇಂಪ್ಲಾಂಟ್ ಕೇಳಿ ಪಡೆದು ದಿನಾಂಕ ಬರೆದ ಡಬ್ಬಿಯಲ್ಲಿಡಿ. ಹುಳುಕಿಲ್ಲದ ಹಲ್ಲು ಕಿತ್ತರೆಂದು ಹೇಳಲು ಆ ಹಲ್ಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೊದಲ ಕ್ಲಿನಿಕ್ಕಿಗೆ ದಾಖಲೆ ಕೋರಿ ಪತ್ರ ಕೊಟ್ಟು ನಕಲಿನ ಮೇಲೆ ಸಹಿ, ಮೊಹರು ಪಡೆಯಿರಿ. ಕೊಡಲು ಒಪ್ಪದಿದ್ದರೆ ಇಮೇಲ್ ಮತ್ತು ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ. ಕೇಸ್ ಶೀಟ್, ಒಪ್ಪಿಗೆ ಪತ್ರ, ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಲ್ಲ ಎಕ್ಸ್‌ರೇ, ಔಷಧ ಚೀಟಿ, ಬಿಲ್ಲು, ಲ್ಯಾಬಿಗೆ ಕಳಿಸಿದ ಚೀಟಿ, ಇಂಪ್ಲಾಂಟಿನ ಲಾಟ್ ಸಂಖ್ಯೆಯ ಸ್ಟಿಕ್ಕರ್ ಎಲ್ಲವನ್ನೂ ಹೆಸರಿಸಿ ಕೇಳಿ. ಸಿಬಿಸಿಟಿಯ ಪ್ರಿಂಟ್ ಸಾಲದು, ಸ್ಕ್ಯಾನಿನ ಮೂಲ ಡಿಜಿಟಲ್ ಫೈಲ್ (ಡೈಕಾಮ್) ಬೇಕು. 2014ರ ದಂತವೈದ್ಯರ ನೀತಿಸಂಹಿತೆಯ ಪ್ರಕಾರ ದಾಖಲೆಗಳನ್ನು ಕನಿಷ್ಠ 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಡದೇ ಹೋದರೆ ಆ ಮೌನವನ್ನೂ ಆಯೋಗ ಅವರ ವಿರುದ್ಧ ಪರಿಗಣಿಸಬಹುದು. ವಾಟ್ಸ್‌ಆಪ್ ಮಾತುಕತೆಯನ್ನು ಅಳಿಸಬೇಡಿ, ಮೂಲ ಫೋನನ್ನು ಇಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಲಗತ್ತಿಸಬೇಕು.

ಕ್ಲಿನಿಕ್ಕಿನಲ್ಲಿ ಕೂಗಾಡಬೇಡಿ, ಏನನ್ನೂ ಒಡೆಯಬೇಡಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯೇ ಇದೆ, ನ್ಯಾಯ ಕೇಳಲು ಹೋದವರೇ ಆರೋಪಿಯಾಗಬೇಕಾದೀತು. ಹಣ ವಾಪಸು ಕೊಡುತ್ತೇವೆಂದರೆ ತೆಗೆದುಕೊಳ್ಳಬಹುದು, ಆದರೆ ‘ಮುಂದೆ ಯಾವ ತಕರಾರೂ ಇಲ್ಲ’ ಎಂಬ ಸಾಲು ಆ ರಸೀತಿಯಲ್ಲಿ ಇದೆಯೇ ಎಂದು ಓದಿ ಸಹಿ ಹಾಕಿ.

ತಜ್ಞರ ಅಭಿಪ್ರಾಯ

ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು ವಿ. ಕಿಶನ್ ರಾವ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದೆ. ತಪ್ಪು ಹಲ್ಲು ಕಿತ್ತಂಥ, ನೋಡಿದರೇ ತಿಳಿಯುವ ಲೋಪಕ್ಕೆ ಅದು ಬೇಡ. ರೂಟ್ ಕೆನಾಲ್, ನರಹಾನಿ, ಇಂಪ್ಲಾಂಟ್ ಪ್ರಕರಣಗಳಲ್ಲಿ ಅಭಿಪ್ರಾಯವಿಲ್ಲದೆ ಹೋದರೆ ಸೋಲುವ ಸಾಧ್ಯತೆಯೇ ಹೆಚ್ಚು. ಆಯಾ ವಿಭಾಗದ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ) ಪದವೀಧರರನ್ನೇ ಹಿಡಿಯಿರಿ. ಡೆಂಟಲ್ ಕಾಲೇಜಿನ ವಿಭಾಗಗಳು ಒಳ್ಳೆಯ ಜಾಗ. ‘ಅವರು ತಪ್ಪು ಮಾಡಿದ್ದಾರಾ?’ ಎಂದು ಕೇಳಿದರೆ ಯಾರೂ ಬರೆದುಕೊಡುವುದಿಲ್ಲ. 46ನೇ ಹಲ್ಲಿನ (ಕೆಳಗಿನ ಬಲ ಮೊದಲ ದವಡೆ ಹಲ್ಲು) ಬೇರಿನಲ್ಲಿ ತೂತಿದೆಯೇ, ಎಲ್ಲಿದೆ, ಹಿಂದಿನ ಎಕ್ಸ್‌ರೇಯಲ್ಲಿ ಅದು ಕಾಣುತ್ತಿತ್ತೇ, ಈಗ ಯಾವ ಚಿಕಿತ್ಸೆ ಬೇಕು, ಖರ್ಚೆಷ್ಟು ಎಂದು ತುಂಡು ತುಂಡಾಗಿ ಕೇಳಿ. ಉತ್ತರ ಬರುತ್ತದೆ, ನಿಮಗೆ ಬೇಕಾದದ್ದೂ ಅದೇ.

ಎಲ್ಲಿಗೆ ಹೋಗಬೇಕು

ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂಬುದು 1995ರ ವಿ.ಪಿ. ಶಾಂತಾ ತೀರ್ಪಿನಿಂದ ಇತ್ಯರ್ಥವಾಗಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಇದರ ಹೊರಗೆ. ಕೆಲವರಿಂದ ಹಣ ಪಡೆದು ಕೆಲವರನ್ನು ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕರೇ. ಡೆಂಟಲ್ ಕಾಲೇಜಿನಲ್ಲಿ ಚಿಕಿತ್ಸೆ ಪಡೆದವರಿಗೆ ಇದು ಮುಖ್ಯ.

ಡಾಕ್ಟರ ನಡತೆ ಬಗ್ಗೆ ಕ್ರಮ ಬೇಕಿದ್ದರೆ ರಾಜ್ಯ ದಂತವೈದ್ಯ ಪರಿಷತ್ತು. ನೋಂದಣಿ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಅದಕ್ಕಿದೆ, ಪರಿಹಾರ ಕೊಡಿಸುವ ಅಧಿಕಾರವಿಲ್ಲ. ನೋಂದಣಿಯೇ ಇಲ್ಲದವರು ಹಲ್ಲಿಗೆ ಕೈಹಾಕಿದ್ದರೆ ಕಾನೂನಿನಲ್ಲಿ ಅದೇ ಅಪರಾಧ. ಕರ್ನಾಟಕದಲ್ಲಿ ಕ್ಲಿನಿಕ್ಕಿನ ವಿರುದ್ಧದ ದೂರನ್ನು ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೂ ಕೊಡಬಹುದು.

ಪೊಲೀಸ್ ಠಾಣೆಗೆ ಮೊದಲೇ ಓಡಬೇಡಿ. ಹಲ್ಲು ಮುರಿಯುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ತೀವ್ರ ಗಾಯದ ಪಟ್ಟಿಯಲ್ಲಿದೆ ನಿಜ. ಆದರೆ ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಿಲ್ಲಲು ನಿರ್ಲಕ್ಷ್ಯ ಘೋರವಾಗಿರಬೇಕು, ಮತ್ತು ಬೇರೊಬ್ಬ ಸಮರ್ಥ ವೈದ್ಯರ ಅಭಿಪ್ರಾಯ ಬೆಂಬಲಕ್ಕಿರಬೇಕು ಎಂದು ಜೇಕಬ್ ಮ್ಯಾಥ್ಯೂ ತೀರ್ಪು ಕಟ್ಟುನಿಟ್ಟು ಮಾಡಿದೆ.

ದೂರು ಸಲ್ಲಿಸುವುದು

ಘಟನೆಯಾದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು (2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕಲಂ 69). ಹಾನಿ ಒಳಗೇ ಅಡಗಿದ್ದು ತಡವಾಗಿ ತಿಳಿದಿದ್ದರೆ ತಿಳಿದ ದಿನದಿಂದ ಎಣಿಸಬೇಕೆಂದು ವಾದಿಸಬಹುದು, ಆದರೆ ನೋವಿದ್ದೂ ವರ್ಷಗಟ್ಟಲೆ ಸುಮ್ಮನಿದ್ದವರಿಗೆ ಆ ಬಾಗಿಲು ತೆರೆಯದು. ಕ್ಲಿನಿಕ್ಕಿನವರು ‘ನೋಡೋಣ, ಇನ್ನೊಂದು ತಿಂಗಳು ತಡೆಯಿರಿ’ ಎನ್ನುತ್ತಲೇ ಇದ್ದರೂ, ನೀವು ಲೀಗಲ್ ನೋಟಿಸ್ ಕೊಟ್ಟಿದ್ದರೂ, ಆ 2 ವರ್ಷ ಓಡುತ್ತಲೇ ಇರುತ್ತದೆ. ಗಟ್ಟಿ ದೂರುಗಳು ಹೀಗೆ ಸಾಯುವುದು ಸಂಕಟದ ಸಂಗತಿ.

ಯಾವ ಆಯೋಗ ಎಂಬುದನ್ನು ನೀವು ಕೇಳುವ ಪರಿಹಾರ ತೀರ್ಮಾನಿಸುವುದಿಲ್ಲ, ಚಿಕಿತ್ಸೆಗೆ ಕೊಟ್ಟ ಹಣ ತೀರ್ಮಾನಿಸುತ್ತದೆ. ಅದು 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗ, ಅಂದರೆ ಹಲ್ಲಿನ ಪ್ರಕರಣ ಬಹುಮಟ್ಟಿಗೆ ಎಲ್ಲವೂ ಅಲ್ಲಿಗೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಇ-ಜಾಗೃತಿ ಪೋರ್ಟಲ್ ಮೂಲಕವೂ ಆಗುತ್ತದೆ, ವಕೀಲರು ಕಡ್ಡಾಯವಲ್ಲ. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಡಾಕ್ಟರನ್ನೂ ಕ್ಲಿನಿಕ್ಕಿನ ಮಾಲೀಕರನ್ನೂ ಎದುರುದಾರರನ್ನಾಗಿ ಸೇರಿಸಿ. ಘಟನೆಗಳನ್ನು ದಿನಾಂಕದ ಕ್ರಮದಲ್ಲಿ, ಪ್ರತಿಯೊಂದಕ್ಕೂ ಅದರ ದಾಖಲೆಯ ಸಂಖ್ಯೆ ಹಾಕಿ ಬರೆಯಿರಿ. ‘ಹಣದಾಸೆಗೆ ಬಿದ್ದು’ ಎಂಬಂಥ ಬೈಗುಳ ಬೇಡ. ಏನು ಮಾಡಬೇಕಿತ್ತು, ಏನು ಮಾಡಲಿಲ್ಲ, ಅದರಿಂದ ಏನಾಯಿತು ಎಂಬ ಮೂರು ಮಾತು ಪ್ರತಿ ಲೋಪಕ್ಕೂ ಇರಲಿ. ಪರಿಹಾರವನ್ನು ಬಿಡಿಸಿ ಕೇಳಿ: ಕೊಟ್ಟ ಶುಲ್ಕ, ಸರಿಪಡಿಸುವ ಖರ್ಚು, ಕಳೆದ ದುಡಿಮೆ, ನೋವು, ದಾವೆ ವೆಚ್ಚ. ಬಿಲ್ಲಿಲ್ಲದ ದೊಡ್ಡ ಮೊತ್ತ ಇಡೀ ದೂರಿನ ನಂಬಿಕೆಯನ್ನೇ ಕೆಡಿಸುತ್ತದೆ. ಕೊನೆಗೆ ಅಫಿಡವಿಟ್.

ನೋಟಿಸ್ ತಲುಪಿದ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ತಡವಾಗಿ ಬಂದ ಉತ್ತರವನ್ನು ಆಕ್ಷೇಪಿಸಿ. ರಾಜಿಗೆ ಅವಕಾಶ ಕಂಡರೆ ಆಯೋಗ ಮಧ್ಯಸ್ಥಿಕೆಗೆ ಕಳಿಸಬಹುದು. ಕ್ಯಾಪ್, ಕ್ಲಿಪ್ ಮುಂತಾದ ಹಣದ ತಕರಾರುಗಳಿಗೆ ಅದು ನಿಜಕ್ಕೂ ಬೇಗ ಮುಗಿಯುವ ದಾರಿ. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಗೆದ್ದರೂ ಎದುರಿನವರು ಹಣ ಕಟ್ಟದೇ ಹೋದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಕಲಂ 72ರಡಿ 1 ತಿಂಗಳಿಂದ 3 ವರ್ಷದವರೆಗೆ ಸೆರೆ, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು.