ಜಪಾನಿನ ಕೋಟೆಗಳಿಗೆ ಎರಡೇ ದಿನ ಇದ್ದರೆ

ಒಸಾಕಾ ಕಡೆ ಹೋಗುವವರಿಗೆ ಒಂದು ಸಲಹೆ. ಕೋಟೆ ಅಂದ ಕೂಡಲೇ ಎಲ್ಲರೂ ಒಸಾಕಾ ಕೋಟೆಗೇ ಓಡುತ್ತಾರೆ. ಅದರ ಕಂದಕ, ದೊಡ್ಡ ದೊಡ್ಡ ಕಲ್ಲಿನ ಗೋಡೆ ನಿಜಕ್ಕೂ ಹಳೆಯವು. ಆದರೆ ನಡುವಿನ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಒಳಗೆ ಲಿಫ್ಟ್ ಕೂಡ ಇದೆ. ಹಳೆಯ ಕಾಲದ ಗೋಪುರ ಹಾಗೇ ಉಳಿದಿರುವುದು ಇಡೀ ಜಪಾನಿನಲ್ಲಿ 12 ಕೋಟೆಗಳಲ್ಲಿ ಮಾತ್ರ. ಸಮಯ ಕಡಿಮೆ ಇದ್ದಾಗ ಅಂಥದ್ದನ್ನೇ ನೋಡಬೇಕು ಅಲ್ವಾ?

ನನ್ನ ಆಯ್ಕೆ ಹಿಮೆಜಿ. ಶಿನ್-ಒಸಾಕಾದಿಂದ ಬುಲೆಟ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಸ್ಟೇಷನ್ನಿನಿಂದ ಹೊರಗೆ ಬಂದರೆ ನೇರ ರಸ್ತೆಯ ತುದಿಯಲ್ಲೇ ಬಿಳಿ ಕೋಟೆ ಕಾಣುತ್ತದೆ. 20 ನಿಮಿಷ ನಡೆದರೆ ಸಾಕು. ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುವಾಗಲೇ ಅಲ್ಲಿರಿ, ಆಮೇಲೆ ಮೆಟ್ಟಿಲ ಹತ್ತಿರ ಸಾಲು ಜಾಸ್ತಿ ಆಗುತ್ತದೆ.

ಗೋಪುರದ ಕಡೆ ಸುಮ್ನೆ ಅವಸರದಲ್ಲಿ ಹೋಗಬೇಡಿ. ದಾರಿ ಬೇಕಂತಲೇ ಸುತ್ತಿಸುತ್ತದೆ, ಒಮ್ಮೊಮ್ಮೆ ಗೋಪುರ ನಮ್ಮ ಬೆನ್ನ ಹಿಂದೆ ಆಗಿಬಿಡುತ್ತದೆ. ಒಳನುಗ್ಗಿದ ಶತ್ರು ಗೊಂದಲಕ್ಕೆ ಬೀಳಲಿ ಎಂದೇ ಹಾಗೆ ಕಟ್ಟಿದ್ದಾರೆ. ಗೋಡೆಯ ತೂತುಗಳನ್ನು ಗಮನಿಸಿ. ಉದ್ದನೆಯವು ಬಾಣಕ್ಕೆ, ದುಂಡಗಿನವು ಮತ್ತು ತ್ರಿಕೋನದವು ಬಂದೂಕಿಗೆ. ನನಗಂತೂ 1609ರ ಆ ಗೋಪುರಕ್ಕಿಂತ ಈ ದಾರಿಯೇ ಹೆಚ್ಚು ಇಷ್ಟವಾಯಿತು.

ಒಳಗೆ ಚಪ್ಪಲಿ, ಶೂ ಬಿಚ್ಚಿ ಚೀಲದಲ್ಲಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಮರದ ಮೆಟ್ಟಿಲು ಏಣಿಯಷ್ಟು ಕಡಿದಾಗಿದೆ, ಸಾಕ್ಸಿನಲ್ಲಿ ಜಾರುತ್ತದೆ. ಹಿಡಿತ ಇರುವ ಸಾಕ್ಸ್ ಹಾಕಿ, ಬೆನ್ನಿಗೆ ಚಿಕ್ಕ ಬ್ಯಾಗ್ ಸಾಕು. ಮಂಡಿ ನೋವಿರುವ ಹಿರಿಯರಿದ್ದರೆ ಅವರು ಕೆಳಗಿನ ಅಂಗಳದಲ್ಲೇ ಕೂತು ನೋಡಲಿ, ಅದೂ ಚೆಂದ.

ಎರಡನೇ ದಿನಕ್ಕೆ ಹಿಕೋನೆ. ಕ್ಯೋಟೋದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಚಿಕ್ಕ ಕೋಟೆ, ಜನ ಕಡಿಮೆ, ಮೇಲಿನಿಂದ ಬಿವಾ ಸರೋವರ ಕಾಣುತ್ತದೆ.